ಉಚ್ಚಾರಣೆಯ ಪಾಠ ಹಾಡಾದಾಗ



ಎರಡು ಬೆರಳುಗಳನ್ನು ಗಂಟಲಿನ ಮೇಲೆ ಮೆಲ್ಲಗೆ ಇಟ್ಟುಕೊಳ್ಳಿ. ಮೊದಲು 'ಸ್' ಎಂದು ಉದ್ದಕ್ಕೆ ಉಸಿರು ಬಿಡಿ. ಗಂಟಲು ಅಲುಗುವುದಿಲ್ಲ. ಈಗ ಇಂಗ್ಲಿಷಿನ 'ಝೂ' ಎಂಬ ಪದದ ಮೊದಲ ಧ್ವನಿಯನ್ನಷ್ಟೇ ಎಳೆಯಿರಿ. ಬೆರಳಿಗೆ ಕಂಪನ ತಾಗುತ್ತದೆ. ಎರಡರಲ್ಲೂ ನಾಲಿಗೆ ಇರುವುದು ಹೆಚ್ಚುಕಡಿಮೆ ಒಂದೇ ಜಾಗದಲ್ಲಿ. ಧ್ವನಿತಂತುಗಳು ಕಂಪಿಸುತ್ತವೆಯೋ ಇಲ್ಲವೋ ಎಂಬುದಷ್ಟೇ ವ್ಯತ್ಯಾಸ. ಭಾಷಾವಿಜ್ಞಾನದಲ್ಲಿ ಇವನ್ನು ಅಘೋಷ, ಘೋಷ ಎನ್ನುತ್ತಾರೆ. ಇಂಥ ಎರಡು ಧ್ವನಿಗಳನ್ನು ಬೆನ್ನುಬೆನ್ನಿಗೆ ಇಟ್ಟು ಬೇಗ ಹೇಳಿಸಿದರೆ ನಾಲಿಗೆ ತೊಡರುತ್ತದೆ. ತರೀಕೆರೆ ಏರಿಯ ಕರಿ ಕುರಿಮರಿಗಳು ನಮ್ಮನ್ನು ಕಾಡುವುದೂ ಹೀಗೆಯೇ, ಅಲ್ಲಿ ರಕಾರದ ಕಾಟ.

ಇಂಗ್ಲಿಷಿನ ಇಂಥದೊಂದು ವಾಕ್ಯದಿಂದ ಹುಟ್ಟಿದ ಹಾಸ್ಯ ಯುಗಳಗೀತೆಯೇ 'ಮೋಸೆಸ್ ಸಪೋಸಸ್'. ಚಿತ್ರ 1952ರಲ್ಲಿ ಎಂ.ಜಿ.ಎಂ. ಸಂಸ್ಥೆ ತೆರೆಗೆ ತಂದ 'ಸಿಂಗಿನ್ ಇನ್ ದ ರೇನ್'. ಜೀನ್ ಕೆಲ್ಲಿ ಮತ್ತು ಸ್ಟ್ಯಾನ್ಲಿ ಡೋನೆನ್ ಅದರ ನಿರ್ದೇಶಕರು. ಚಿತ್ರದ ಬಹುಪಾಲು ಹಾಡುಗಳು ನಿರ್ಮಾಪಕ ಆರ್ಥರ್ ಫ್ರೀಡ್ ಹಾಗೂ ಸಂಗೀತಗಾರ ನೇಸಿಯೊ ಹರ್ಬ್ ಬ್ರೌನ್ ಜೋಡಿಯ ಹಳೆಯ ಹಾಡುಗಳು. ಈ ಹಾಡು ಆ ಗುಂಪಿಗೆ ಸೇರಿದ್ದಲ್ಲ. ಚಿತ್ರಕಥೆ ಬರೆದ ಬೆಟ್ಟಿ ಕಾಮ್ಡೆನ್ ಮತ್ತು ಅಡಾಲ್ಫ್ ಗ್ರೀನ್ ಅವರೇ ಇದಕ್ಕೆ ಸಾಹಿತ್ಯ ಹೊಂದಿಸಿದರು, ರೋಜರ್ ಈಡನ್ಸ್ ರಾಗ ಹಾಕಿದರು. ಮೋಸೆಸ್ ಎಂಬ ಹೆಸರನ್ನೂ ಗುಲಾಬಿ ಹೂವನ್ನೂ ಕಾಲ್ಬೆರಳನ್ನೂ ಒಂದೇ ಪ್ರಾಸಕ್ಕೆ ಕಟ್ಟಿಹಾಕಿದ ಹಾಡು ಇದು. ಅರ್ಥ ಹುಡುಕಲು ಹೋಗಬೇಡಿ, ಇಲ್ಲ.

ಕಥೆ ನಡೆಯುವುದು 1927ರ ಹಾಲಿವುಡ್‌ನಲ್ಲಿ. ಆ ವರ್ಷದ ಅಕ್ಟೋಬರ್‌ನಲ್ಲಿ 'ದ ಜಾಝ್ ಸಿಂಗರ್' ಬಿಡುಗಡೆಯಾಯಿತು. ಬರೀ ಮುಖಭಾವದಿಂದ ಹಣ, ಕೀರ್ತಿ ಗಳಿಸಿದ್ದ ಮೂಕಿಚಿತ್ರದ ತಾರೆಯರು ಇದ್ದಕ್ಕಿದ್ದಂತೆ ಬಾಯಿ ತೆರೆಯಬೇಕಾಯಿತು. ನಟಿಸಲು ಬಂದರೆ ಸಾಲದು, ಉಚ್ಚಾರಣೆಯೂ 'ಶುದ್ಧ'ವಾಗಿರಬೇಕು! ತಮ್ಮ ಊರಿನ ಮಾತಿನ ಧಾಟಿಯಲ್ಲಿ ಇಂಗ್ಲಿಷ್ ಆಡಿ ತರಗತಿಯಲ್ಲಿ ನಗೆಗೀಡಾದವರಿಗೆ ಈ ದಿಗಿಲನ್ನು ವಿವರಿಸಿ ಹೇಳಬೇಕಾಗಿಲ್ಲ. ಚಿತ್ರಮಂದಿರಗಳಲ್ಲಿ ಮೂಕಿಚಿತ್ರಗಳಿಗೆ ವಾದ್ಯ ನುಡಿಸುತ್ತಿದ್ದ ಸಾವಿರಾರು ಸಂಗೀತಗಾರರ ಕೆಲಸವೂ ಹೋಯಿತು.

ಈ ಯುಗಳಗೀತೆಯ ಇಬ್ಬರೂ ಆ ಬಿರುಗಾಳಿಗೆ ಸಿಕ್ಕವರೇ. ಡಾನ್ ಲಾಕ್‌ವುಡ್ (ಜೀನ್ ಕೆಲ್ಲಿ) ಮೂಕಿಚಿತ್ರಗಳ ದೊಡ್ಡ ನಾಯಕ. ಗೆಳೆಯ ಕಾಸ್ಮೊ (ಡೊನಾಲ್ಡ್ ಓಕಾನರ್) ಚಿತ್ರೀಕರಣದ ವೇಳೆ ನಟರಿಗೆ ಭಾವ ಬರಲೆಂದು ಪಿಯಾನೊ ನುಡಿಸುವವನು. ಇನ್ನು ತನಗೆ ಕೆಲಸವಿಲ್ಲ ಎಂದು ಅವನು ತಮಾಷೆ ಮಾಡುವಷ್ಟರಲ್ಲಿ ಮಾಲೀಕ ಅವನನ್ನೇ ಸಂಗೀತ ವಿಭಾಗದ ಮುಖ್ಯಸ್ಥನನ್ನಾಗಿ ಮಾಡುತ್ತಾನೆ. ಡಾನ್‌ಗೆ ಉಚ್ಚಾರಣೆಯ ಪಾಠ ಗಂಟು ಬೀಳುತ್ತದೆ. ಮೇಷ್ಟ್ರು ವಾಕ್ಯ ಓದುತ್ತಾರೆ, ಡಾನ್ ವಿನಯದಿಂದ ಅದನ್ನೇ ಒಪ್ಪಿಸುತ್ತಾನೆ, ಮೇಷ್ಟ್ರ ಬೆನ್ನಹಿಂದೆ ಕಾಸ್ಮೊ ಮುಖ ಸೊಟ್ಟ ಮಾಡುತ್ತಾನೆ. ಶಾಲೆಗೆ ಹೋದವರೆಲ್ಲ ಕಂಡ ದೃಶ್ಯವೇ.

ಆಮೇಲೆ ಆ ವಾಕ್ಯ ಮೆಲ್ಲಗೆ ಲಯ ಹಿಡಿಯುತ್ತದೆ. ಇಬ್ಬರೂ ಅದನ್ನು ಪರಸ್ಪರ ಎಸೆದಾಡುತ್ತಾರೆ, ಒಬ್ಬನ ಪ್ರಶ್ನೆಗೆ ಇನ್ನೊಬ್ಬನ ಉತ್ತರ. ಮಾತು ಮುಗಿದಲ್ಲಿ ಕಾಲು ಶುರು. ಟ್ಯಾಪ್ ನೃತ್ಯದ ಬೂಟಿನ ಅಡಿಯಲ್ಲಿ ಲೋಹದ ತಗಡು ಇರುತ್ತದೆ, ನೆಲವೇ ತಾಳವಾದ್ಯ. ಬಾಯಿಯಲ್ಲಿ ತೊಡರುತ್ತಿದ್ದ ಅಕ್ಷರಗಳು ಪಾದದಲ್ಲಿ ಸಲೀಸಾಗಿ ಉರುಳುತ್ತವೆ. ನನಗೆ ಹಾಡಿಗಿಂತ ಈ ಭಾಗವೇ ಮೇಲು. ಇಬ್ಬರ ನಡುವೆ 13 ವರ್ಷಗಳ ಅಂತರ, ಮೈಕಟ್ಟು ಬೇರೆ, ಆದರೂ ಮೇಜು, ಕುರ್ಚಿ ಹತ್ತಿಳಿಯುವಾಗ ಹೆಜ್ಜೆಗಳು ಕೂಡಿಯೇ ಬೀಳುತ್ತವೆ. ಕ್ಯಾಮೆರಾ ದೂರ ನಿಂತು ಇಬ್ಬರನ್ನೂ ನಖಶಿಖಾಂತ ತೋರಿಸುತ್ತದೆ. ನಮ್ಮ ಕಡೆಯ ದೃಶ್ಯ ಸಂಕಲನಕಾರರು ನಡುವೆ ಹತ್ತು ಸಲ ಬೂಟಿನ ಸಮೀಪ ಚಿತ್ರ ಸೇರಿಸಿ ನೃತ್ಯವನ್ನು ಕೊಚ್ಚಿಹಾಕುತ್ತಿದ್ದರೇನೋ! ಕೊನೆಗೆ ಕೋಣೆಯಲ್ಲಿ ಕೈಗೆ ಸಿಕ್ಕ ಸಾಮಾನನ್ನೆಲ್ಲ ಮೇಷ್ಟ್ರ ಮೇಲೆ ಹೇರಿಬಿಡುತ್ತಾರೆ. ಪಾಪ, ಆ ಮನುಷ್ಯ ಮಾಡಿದ ತಪ್ಪೇನು? ಸಂಬಳಕ್ಕೆ ಪಾಠ ಹೇಳಲು ಬಂದವನು.

ಇನ್ನು ನನ್ನ ವೃತ್ತಿಗೆ ಹತ್ತಿರದ ಮಾತು. ಇಂಥ ಹಾಡುಗಳಲ್ಲಿ ಕಂಠವನ್ನು ಮೊದಲೇ ಸ್ಟುಡಿಯೊದಲ್ಲಿ ಮುದ್ರಿಸಿರುತ್ತಾರೆ. ಚಿತ್ರೀಕರಣದಲ್ಲಿ ಅದನ್ನು ನುಡಿಸಿದಂತೆ ನಟರು ತುಟಿ ಆಡಿಸುತ್ತಾರೆ. ಬೂಟಿನ ಸದ್ದು? ಹಾಲಿವುಡ್‌ನ ರೂಢಿಯಂತೆ ಅದನ್ನು ಆಮೇಲೆ, ಚಿತ್ರವನ್ನು ಪರದೆಯ ಮೇಲೆ ನೋಡುತ್ತ ಮತ್ತೆ ಕುಣಿದು ಮುದ್ರಿಸುತ್ತಿದ್ದರು. ಸೆಕೆಂಡಿಗೆ 24 ಫ್ರೇಮ್. ಒಂದು ಫ್ರೇಮ್ ಎಂದರೆ ಸುಮಾರು 42 ಮಿಲಿಸೆಕೆಂಡ್. ಮೂರು ನಾಲ್ಕು ಫ್ರೇಮ್ ಆಚೀಚೆಯಾದರೆ ಕಣ್ಣು, ಕಿವಿ ಜಗಳ ತೆಗೆಯುತ್ತವೆ. ಅಂದರೆ ಒಂದೇ ದೇಹದಿಂದ ಹೊಮ್ಮಿದಂತೆ ಕಾಣುವ ಮುಖ, ಕಂಠ, ಹೆಜ್ಜೆಸದ್ದು ಮೂರೂ ಬೇರೆ ಬೇರೆ ದಿನಗಳ ದುಡಿಮೆ.

ಇದನ್ನು ಏಕೆ ಹೇಳಿದೆನೆಂದರೆ, ಚಿತ್ರದ ಕಥೆಯೇ ಎರವಲು ಕಂಠದ ಕಥೆ. ಕೀರಲು ದನಿಯ ನಾಯಕಿ ಲೀನಾಗೆ ಕ್ಯಾಥಿ ಎಂಬ ಹುಡುಗಿ ತೆರೆಮರೆಯಲ್ಲಿ ದನಿ ಕೊಡುತ್ತಾಳೆ. ಗುಟ್ಟು ರಟ್ಟಾದಾಗ ಲೀನಾ ನಗೆಪಾಟಲಾಗುತ್ತಾಳೆ. ವಾಸ್ತವವೇ ಬೇರೆ. ಲೀನಾ ಪಾತ್ರದ ಜೀನ್ ಹೇಗನ್ ಅವರ ಸಹಜ ದನಿ ತುಂಬ ಸೊಗಸಾದದ್ದು. ಕ್ಯಾಥಿ ಲೀನಾಗಾಗಿ ಸಂಭಾಷಣೆ ಹೇಳುವ ದೃಶ್ಯದಲ್ಲಿ ನೀವು ಕೇಳುವುದು ಡೆಬ್ಬಿ ರೆನಾಲ್ಡ್ಸ್ ಅವರ ದನಿಯಲ್ಲ, ಸ್ವತಃ ಹೇಗನ್ ಅವರದು! ಅದೇ ಸಂದರ್ಭದ ಹಾಡಿಗೆ ಕಂಠ ನೀಡಿದವರು ಬೆಟ್ಟಿ ನಾಯ್ಸ್ ಎಂಬ ಮೂರನೆಯವರು. ಎರವಲು ದನಿಯನ್ನು ಗೇಲಿ ಮಾಡುವ ಚಿತ್ರ ತಾನೇ ಎರವಲು ದನಿಯಲ್ಲಿ ನಿಂತಿದೆ. ಹೇಗನ್ ಅವರಿಗೆ ಅತ್ಯುತ್ತಮ ಪೋಷಕ ನಟಿಯ ಆಸ್ಕರ್ ನಾಮನಿರ್ದೇಶನ ದೊರೆಯಿತು, ಪ್ರಶಸ್ತಿ ಬರಲಿಲ್ಲ.

ಈ ಯುಗಳಗೀತೆ ನಿಮಗೆ ಸಿಕ್ಕಾಗ ಮೊದಲು ಸುಮ್ಮನೆ ನೋಡಿ ನಕ್ಕುಬಿಡಿ. ಎರಡನೆಯ ಸಲ ಧ್ವನಿ ನಿಲ್ಲಿಸಿ ಕಾಲುಗಳನ್ನಷ್ಟೇ ಗಮನಿಸಿ. ಮೂರನೆಯ ಸಲ ಕಣ್ಣು ಮುಚ್ಚಿ ಕೇಳಿ, ಆ ಎರಡು ಜೊತೆ ಬೂಟುಗಳಲ್ಲಿ ಯಾವುದು ಕೆಲ್ಲಿಯದು, ಯಾವುದು ಓಕಾನರ್‌ದು ಎಂದು ಬೇರ್ಪಡಿಸಲು ಆಗುತ್ತದೆಯೇ, ನೋಡಿ.