ಎರಡು ಸ್ವರಗಳ ನಡುವಿನ ಪಾಠ



ಈ ಸಂಕಿರಣಕ್ಕೆ ನಾವು ಸೇರಿರುವ ಬಿಳಿಕೆರೆಗೂ ಪಿಯಾನೊಗೂ ಎಲ್ಲಿಯ ಸಂಬಂಧ ಎಂದು ಕೆಲವರು ಹುಬ್ಬೇರಿಸಿರಬಹುದು. ಸಂಬಂಧವಿದೆ. ಅದು ಪಕ್ಕದ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿದ ಒಬ್ಬ ವೀಣೆಯ ಗುರು ಮತ್ತು ಅವರ ಶಿಷ್ಯರ ಮೂಲಕ ಬಂದದ್ದು.

ಮೊದಲು ಶಿಷ್ಯರ ಮಾತು. 1919ರಲ್ಲಿ ಮೈಸೂರು ಅರಸುಮನೆತನದಲ್ಲಿ ಹುಟ್ಟಿದ ಜಯಚಾಮರಾಜ ಒಡೆಯರ್ ಅವರಿಗೆ ಪಿಯಾನೊ ಕಛೇರಿಗಳನ್ನು ಕೊಟ್ಟು ಬಾಳುವ ಆಸೆಯಿತ್ತು. 1940ರಲ್ಲಿ ತಂದೆ ಕಂಠೀರವ ನರಸಿಂಹರಾಜರೂ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜರೂ ತೀರಿಕೊಂಡರು. ಇಪ್ಪತ್ತೊಂದರ ಹರೆಯದಲ್ಲಿ ಪಟ್ಟವಾಯಿತು. ಪಿಯಾನೊ ವೃತ್ತಿಯ ಆಸೆ ಅಲ್ಲಿಗೆ ನಿಂತಿತು, ಕಲಿಕೆ ನಿಲ್ಲಲಿಲ್ಲ. 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಆದರು. ರಷ್ಯನ್ ಪಿಯಾನೊ ವಾದಕ, ರಚನೆಕಾರ ನಿಕೊಲಾಯ್ ಮೆಟ್ನರ್ ಮುಪ್ಪಿನಲ್ಲಿ ಲಂಡನ್ನಿನಲ್ಲಿದ್ದಾಗ ಅವರ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟರು. ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕಾನ್ಚೆರ್ಟೊವನ್ನು ಇವರಿಗೇ ಅರ್ಪಿಸಿದರು.  

ಈ ಪಿಯಾನೊ ವಾದಕರಿಗೆ ವೀಣೆ ಕಲಿಸಿದವರು, 1887ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿದ ವೀಣೆ ವೆಂಕಟಗಿರಿಯಪ್ಪನವರು. ಅವರ ಗುರು ವೀಣೆ ಶೇಷಣ್ಣನವರು ಪಿಯಾನೊವನ್ನೂ ಬಲ್ಲವರು. ಹೀಗಾಗಿ ಆ ಪಾಠದ ಮನೆಯಲ್ಲಿ ಪಿಯಾನೊ ಪರಕೀಯವಾಗಿರಲಿಲ್ಲ.

ಶಿಕ್ಷಕರು ಇಲ್ಲಿ ತುಸು ನಿಲ್ಲಬೇಕು. ಪಿಯಾನೊದಲ್ಲಿ ಒಂದು ಸ್ಥಾಯಿಗೆ ಹನ್ನೆರಡು ಮನೆ. ಒತ್ತಿದರೆ ಸುತ್ತಿಗೆ ತಂತಿಗೆ ಬಡಿಯುತ್ತದೆ. ಆಮೇಲೆ ಆ ಸ್ವರವನ್ನು ಬೆರಳು ಏರಿಸಲಾರದು, ಇಳಿಸಲಾರದು. ವೀಣೆಯ ಇಪ್ಪತ್ತನಾಲ್ಕು ಮೆಟ್ಟಿಲುಗಳೂ ಮೇಣದಲ್ಲಿ ಕೂತು ಕದಲದಂಥವೇ. ಆದರೆ ತಂತಿಯನ್ನು ಓರೆಗೆ ಎಳೆದರೆ ಒಂದೇ ಮೆಟ್ಟಿಲಿನಲ್ಲಿ ಮೇಲಿನ ಸ್ವರಗಳೂ ಹುಟ್ಟುತ್ತವೆ. ಒಂದೊಂದು ಸ್ವರವನ್ನೂ ಬಿಡಿಬಿಡಿಯಾಗಿ ಕೇಳಿ ಪಳಗಿದ ಕಿವಿಗೆ ಎರಡು ಸ್ವರಗಳ ನಡುವಿನ ದಾರಿಯನ್ನು, ಅಂದರೆ ಗಮಕವನ್ನು, ಕಾಣಿಸುವುದು ಸಣ್ಣ ಕೆಲಸವಲ್ಲ. ಮುಂದೆ ಆ ಶಿಷ್ಯರು ‘ಶ್ರೀವಿದ್ಯಾ’ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದರು. ದುರ್ವಾಂಕಿಯಂಥ ಅಪರೂಪದ ರಾಗಗಳನ್ನು ಹುಡುಕಿದ ಕುತೂಹಲದಲ್ಲಿ ಪಿಯಾನೊ ಪಾಠದ ನೆರಳಿದೆ ಎಂಬುದು ನನ್ನ ಗುಮಾನಿ. ಅಠಾಣದ ‘ಶ್ರೀ ಮಹಾಗಣಪತಿಂ’ ಮಾತ್ರ ಮನೆಗಳನ್ನು ಎಣಿಸಿ ಕಟ್ಟುವಂಥದಲ್ಲ; ಆ ರಾಗದ ಜೀವವೇ ಗಮಕ. ರಚನೆಯಲ್ಲಿ ವಾಗ್ಗೇಯಕಾರ ಮೈಸೂರು ವಾಸುದೇವಾಚಾರ್ಯರ ಮಾರ್ಗದರ್ಶನವೂ ಇತ್ತು.

ವೆಂಕಟಗಿರಿಯಪ್ಪನವರ ಇನ್ನೊಬ್ಬ ಶಿಷ್ಯರು ವಿ. ದೊರೆಸ್ವಾಮಿ ಅಯ್ಯಂಗಾರ್. ಒಬ್ಬರು ದೊರೆ, ಇನ್ನೊಬ್ಬರು ಹಾಸನ ಸೀಮೆಯ ಗದ್ದವಳ್ಳಿಯ ಹುಡುಗ. ಇಬ್ಬರಿಗೂ ಒಂದೇ ರೀತಿ ಪಾಠ ನಡೆದೀತೇ? ನಮ್ಮ ಬರಹಗಳು ಕಛೇರಿ, ಬಿರುದು, ಸನ್ಮಾನಗಳನ್ನು ಕೂಡಿಟ್ಟಿವೆ. ಗುರುವಿನ ಮುಂದೆ ಕೂತ ಗಂಟೆಗಳ ಲೆಕ್ಕ ಯಾರೂ ಇಟ್ಟಿಲ್ಲ. ಇಂದು ಪ್ರಬಂಧ ಮಂಡಿಸುವವರು, ತಮಗೆ ಮೊದಲ ಗಮಕವನ್ನು ಯಾರು, ಯಾವ ಬೆರಳಿನಿಂದ, ಹೇಗೆ ಹೇಳಿಕೊಟ್ಟರು ಎಂಬುದರಿಂದಲೇ ಮಾತು ಶುರುಮಾಡಲಿ ಎಂದು ಕೋರುತ್ತೇನೆ.