ಕಣ್ಣೆದುರೇ ಇರುವ ಕಲಾಶಾಲೆ



"ಚಿತ್ರ ಬರೆದರೆ ಹೊಟ್ಟೆ ತುಂಬುತ್ತದೆಯೇ?" ಎಂಬ ಮಾತನ್ನು ಕಲಾ ವಿದ್ಯಾರ್ಥಿಗಳಾದ ನೀವು ಮನೆಯಲ್ಲಿ ಕೇಳಿಯೇ ಇರುತ್ತೀರಿ. ಒಮ್ಮೆ ಬೀದರನ್ನು ನೋಡಿ. ಸತು-ತಾಮ್ರದ ಮಿಶ್ರಲೋಹದ ಹೂದಾನಿ, ಹೂಜಿ, ಪಾನ್‌ದಾನಗಳ ಮೇಲೆ ಬಳ್ಳಿ ಕೆತ್ತಿ, ಬೆಳ್ಳಿ ತಂತಿ ಕೂರಿಸುತ್ತಾರೆ. ಕೋಟೆಯ ಮಣ್ಣು ಮತ್ತು ನವಸಾಗರ ಬೆರೆಸಿದ ದ್ರಾವಣ ತಾಗಿದೊಡನೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳಗುತ್ತದೆ. ಇವೆಲ್ಲ ದಿನಬಳಕೆಯ ವಸ್ತುಗಳೇ! ಈ ಕಸುಬನ್ನೇ ನಂಬಿದ ಕುಟುಂಬಗಳು ಇಂದಿಗೂ ಅಲ್ಲಿವೆ. ದುಡಿಮೆಗೆ ತಕ್ಕ ಬೆಲೆ ಎಲ್ಲರಿಗೂ ಸಿಗುತ್ತಿಲ್ಲ ಎಂಬುದೂ ನಿಜ. ಆದ್ದರಿಂದಲೇ ಹೊಸ ವಿನ್ಯಾಸ ಕೊಡಬಲ್ಲ, ಓದಿದ ಯುವಕ ಯುವತಿಯರು ಅವರಿಗೆ ಬೇಕು.

ಅದೇ ಊರಿನಲ್ಲಿ 1472ರಲ್ಲಿ ಮಹಮೂದ್ ಗವಾನ್ ಕಟ್ಟಿಸಿದ ಮದರಸಾದ ಗೋಡೆಗಳಲ್ಲಿ ಬಣ್ಣದ ಹೆಂಚುಗಳೂ ಅಂದದ ಅಕ್ಷರಗಳೂ ಇವೆ. ವಿದ್ಯೆ ಬೇರೆ, ಕಲೆ ಬೇರೆ ಎಂದು ಆ ಹಿರಿಯರು ಭಾವಿಸಲಿಲ್ಲ.

ಮೈಸೂರಿನ ಆರ್.ಕೆ. ಲಕ್ಷ್ಮಣ್ ಅವರಿಗೆ ಮುಂಬಯಿಯ ಜೆ.ಜೆ. ಕಲಾಶಾಲೆ ಪ್ರವೇಶ ನೀಡಲಿಲ್ಲ. ಆದರೆ ಎಲ್ಲರೂ ಕಡೆಗಣಿಸುವ ಕಾಗೆಯನ್ನು ಅವರು ಜೀವನವಿಡೀ ನೋಡಿ ಬರೆದರು.

ನೀವೂ ಒಂದು ಪುಸ್ತಕ ಇಟ್ಟುಕೊಳ್ಳಿ. ತಾಯಿಯ ಕೈಯ ಮೆಹಂದಿ, ಜಾನಮಾಜಿನ ಅಂಚು, ಬಿಸ್ಕತ್ತಿನ ಪೊಟ್ಟಣ, ಅಂಗಡಿಯ ಫಲಕ, ಹೀಗೆ ದಿನಕ್ಕೊಂದನ್ನು ಬರೆಯಿರಿ. ಇದು ಹೀಗೇಕಿದೆ, ಇನ್ನೂ ಚೆನ್ನಾಗಿ ಹೇಗೆ ಮಾಡಬಹುದು ಎಂದು ಪಕ್ಕದಲ್ಲಿ ಒಂದು ಸಾಲು ಟಿಪ್ಪಣಿ ಮಾಡಿ. ಮನೆಯವರ ಪ್ರಶ್ನೆಗೆ ಉತ್ತರ ಆ ಪುಟಗಳಿಂದಲೇ ಆರಂಭವಾಗಲಿ.