ಆನೆಯ ಊಟದ ಲೆಕ್ಕ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



“ಹೊರದೇಶದಲ್ಲಿ ಏನು ನೋಡಿದೆ, ಮಕ್ಕಳಿಗೆ ಹೇಳಪ್ಪ” ಎಂದು ನಮ್ಮ ಮೇಷ್ಟ್ರು ಅಪ್ಪಣೆ ಮಾಡಿದ್ದಾರೆ. ನಾನು ಬಿ.ಇ. ಓದಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವನು. ರಜೆ ಹಾಕಿ ಒಂದು ವಾರ ಥಾಯ್ಲೆಂಡಿನ ಆನೆಧಾಮವೊಂದರಲ್ಲಿ ಸ್ವಯಂಸೇವಕನಾಗಿ ದುಡಿದು ಬಂದೆ. ಅರಕಲಗೂಡು ಸೀಮೆಯವನು ಆನೆ ನೋಡಲು ಅಷ್ಟು ದೂರ ಹೋಗಬೇಕಿತ್ತೇ ಎಂದು ಮನೆಯಲ್ಲೂ ನಕ್ಕರು. ನೀವೂ ನಗಬಹುದು.

ಚಿಯಾಂಗ್ ಮಾಯ್ ನಗರದಿಂದ ಸುಮಾರು 60 ಕಿ.ಮೀ. ದೂರದ ಹೊಳೆದಂಡೆಯಲ್ಲಿ ‘ಎಲಿಫೆಂಟ್ ನೇಚರ್ ಪಾರ್ಕ್’ ಇದೆ. ಇದನ್ನು ಕಟ್ಟಿದವರು ಲೆಕ್ ಚೈಲರ್ಟ್ ಎಂಬ ಹೆಣ್ಣುಮಗಳು. 1989ರಲ್ಲಿ ಥಾಯ್ಲೆಂಡ್ ಸರ್ಕಾರ ಕಾಡುಮರ ಕಡಿಯುವುದನ್ನು ನಿಷೇಧಿಸಿತು. ಕಾಡು ಉಳಿಸಲು ಅದು ಒಳ್ಳೆಯದೇ. ಆದರೆ ದಿಮ್ಮಿ ಎಳೆಯುತ್ತಿದ್ದ ಸಾಕಾನೆಗಳಿಗೂ ಅವುಗಳ ಮಾವುತರಿಗೂ ಕೆಲಸ ಹೋಯಿತು. ಹಲವು ಆನೆಗಳು ಪ್ರವಾಸಿಗರನ್ನು ಹೊರುವ ಕೆಲಸಕ್ಕೆ ಬಂದವು, ಕೆಲವು ಪಟ್ಟಣದ ಬೀದಿಯಲ್ಲಿ ಭಿಕ್ಷೆಗೆ ನಿಂತವು. ಕಣ್ಣು ಹೋದವು, ಕಾಲು ಮುರಿದವು ಈ ಧಾಮಕ್ಕೆ ಬಂದಿವೆ. ಇಲ್ಲಿ ಆನೆ ಸವಾರಿ ಇಲ್ಲ.

ಸ್ವಯಂಸೇವಕರು ವಾರಕ್ಕೆ ಇಷ್ಟು ಎಂದು ದುಡ್ಡು ಕಟ್ಟಿ ಕೆಲಸ ಮಾಡಬೇಕು. ಲದ್ದಿ ಬಾಚುವುದು, ಲಾರಿಯಿಂದ ಕಲ್ಲಂಗಡಿ, ಕುಂಬಳ, ಬಾಳೆಹಣ್ಣು ಇಳಿಸುವುದು, ತೊಳೆಯುವುದು, ಹಲ್ಲಿಲ್ಲದ ಮುದಿ ಆನೆಗೆ ಮೆತ್ತಗೆ ಮಾಡಿ ಉಂಡೆ ಕಟ್ಟುವುದು. ದೊಡ್ಡ ಆನೆಯೊಂದು ದಿನಕ್ಕೆ 150 ಕಿಲೋವರೆಗೂ ತಿನ್ನುತ್ತದೆ. ನಮ್ಮ ದುಡ್ಡು ಹೀಗೆ ಆನೆಯ ಹೊಟ್ಟೆಗೂ, ಮಾವುತರ ಸಂಬಳಕ್ಕೂ, ಆ ಹಣ್ಣು ಬೆಳೆದವರ ಮನೆಗೂ ಹೋಗುತ್ತದೆ.

ಕೊನೆಯ ದಿನ ಚಿಯಾಂಗ್ ಮಾಯ್‌ನ ವರೋರೋಟ್ ಮಾರುಕಟ್ಟೆಗೆ ಹೋದೆ. ನಮ್ಮ ಸಂತೆಯಂತೆಯೇ ಒಣಮೆಣಸಿನಕಾಯಿ ರಾಶಿ, ಹೂವು, ಹಣ್ಣು, ಬಟ್ಟೆ. ಪಕ್ಕದ ಗಲ್ಲಿಯಲ್ಲಿ ಗುಡ್ಡಗಾಡಿನ ಮೋಂಗ್ ಜನರ ಕಸೂತಿ ಚೀಲಗಳು. ಭಾಷೆ ಬಾರದು. ಅಂಗಡಿಯ ಅಜ್ಜಿ ಕ್ಯಾಲ್ಕುಲೇಟರಿನಲ್ಲಿ ಬೆಲೆ ಒತ್ತಿ ತೋರಿಸಿದರು, ನಾನು ಕಡಿಮೆ ಒತ್ತಿದೆ, ಇಬ್ಬರೂ ನಕ್ಕೆವು. ಹಣ್ಣಿನವರು ತೂಕದ ಮೇಲೆ ಒಂದು ಹಣ್ಣು ಕೊಸರು ಹಾಕಿದರು. ಅಕ್ಕನಿಗೆ ಚೀಲ ತಂದೆ. ಆದರೆ ಆನೆಕೂದಲಿನ ಉಂಗುರ, ದಂತದ ಸಾಮಾನು ಬೇಡವೆಂದೆ. ನಮ್ಮಲ್ಲೂ ದೃಷ್ಟಿಗೆಂದು ಆ ಉಂಗುರ ಹಾಕಿಕೊಳ್ಳುವವರಿದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದರ ವ್ಯಾಪಾರ ಅಪರಾಧ. ಕೊಳ್ಳುವವರಿದ್ದರೆ ತಾನೇ ಮಾರುವವರು?

ಈಗ ನಮ್ಮ ಜಿಲ್ಲೆಗೆ ಬರೋಣ. ಅಲ್ಲಿನವು ಸಾಕಾನೆ, ಇಲ್ಲಿನವು ಕಾಡಾನೆ. ಅಲ್ಲಿಯ ಪದ್ಧತಿ ಹಾಗೇ ಇಲ್ಲಿಗೆ ಹೊಂದುವುದಿಲ್ಲ. ಆದರೆ ಊಟದ ಲೆಕ್ಕ ಎರಡೂ ಕಡೆ ಒಂದೇ. ಆನೆ ತಿನ್ನಲೇಬೇಕು, ಅದರ ಬೆಲೆಯನ್ನು ಯಾರಾದರೂ ತೆರಲೇಬೇಕು. ಅಲ್ಲಿ ನೋಡಲು ಬಂದವರು ತೆರುತ್ತಾರೆ. ಇಲ್ಲಿ ಆಲೂರು, ಸಕಲೇಶಪುರ, ಅರಕಲಗೂಡಿನ ಅಂಚಿನ ರೈತ ತನ್ನ ಭತ್ತ, ಜೋಳ, ಬಾಳೆಯಿಂದ ತೆರುತ್ತಿದ್ದಾನೆ. ಕೆಲವು ಮನೆಯವರು ಜೀವವನ್ನೇ ತೆತ್ತಿದ್ದಾರೆ.

2023ರ ಗಣತಿಯಂತೆ ಕರ್ನಾಟಕದಲ್ಲಿ 6,395 ಆನೆಗಳಿದ್ದವು, ದೇಶದಲ್ಲೇ ಹೆಚ್ಚು. ನಾವೆಲ್ಲ ಹೆಮ್ಮೆಪಡುತ್ತೇವೆ. ಆದರೆ ಆ ಹೆಮ್ಮೆಯ ಖರ್ಚನ್ನು ಕಾಡಂಚಿನವರ ತಲೆಗೇ ಕಟ್ಟುವುದು ನ್ಯಾಯವಲ್ಲ. ಹಿಡಿದು ಸಾಗಿಸಿದರೆ ಮುಗಿಯಿತೇ? ಸುಮಾರು 2014ರಲ್ಲಿ ಆಲೂರಿನ ಕಡೆ 22 ಆನೆ ಹಿಡಿದರು. ಮತ್ತೆ ಆನೆ ಬಂದವು. 2023ರ ಡಿಸೆಂಬರ್ 4ರಂದು ನಮ್ಮ ಜಿಲ್ಲೆಯ ಯಸಳೂರಿನ ಹತ್ತಿರ ಇಂಥದೇ ಕಾರ್ಯಾಚರಣೆಯಲ್ಲಿ, ಎಂಟು ಸಲ ದಸರಾ ಅಂಬಾರಿ ಹೊತ್ತ ಅರ್ಜುನ ಸತ್ತ. ಅಂದು ಹೊಳೆನರಸೀಪುರ, ಚನ್ನರಾಯಪಟ್ಟಣದ ಮನೆಗಳಲ್ಲೂ ಜನ ಮರುಗಿದರು. ಅರ್ಜುನನಿಗಾಗಿ ಮರುಗಿದ ನಾವು ಜೋಳ ಕಳೆದುಕೊಂಡ ರೈತನಿಗಾಗಿಯೂ ಅಷ್ಟೇ ಮರುಗಬೇಕು.

ಮಾಡಬಹುದಾದ್ದೂ ಇದೆ. ಅರಣ್ಯ ಇಲಾಖೆ ಕೆಲವು ಆನೆಗಳಿಗೆ ರೇಡಿಯೋ ಕಾಲರ್ ತೊಡಿಸಿದೆ. ಆನೆ ಎಲ್ಲಿದೆ ಎಂದು ಮೊಬೈಲಿಗೆ ಸಂದೇಶ ಕಳಿಸುವ, ರಸ್ತೆಯ ಫಲಕದಲ್ಲಿ ತೋರಿಸುವ ವ್ಯವಸ್ಥೆ ಹಾಸನ ಜಿಲ್ಲೆಯಲ್ಲಿ ನಡೆಯುತ್ತಿದೆ. ಮುಂಜಾನೆ ತೋಟಕ್ಕೆ ಹೊರಟ ಕೂಲಿ ಹೆಂಗಸಿಗೆ ಆ ಒಂದು ಸಂದೇಶ ಜೀವ ಉಳಿಸುತ್ತದೆ. ಆದರೆ ನಂಬರು ಪಟ್ಟಿಯಲ್ಲಿಲ್ಲದಿದ್ದರೆ ಅದು ತಲುಪುವುದೇ ಇಲ್ಲ.

ಹಳೆಯ ವಿದ್ಯಾರ್ಥಿ ಮಿತ್ರರಲ್ಲಿ ಒಂದು ಕೋರಿಕೆ. ರಜೆಗೆ ಊರಿಗೆ ಬಂದಾಗ ಎರಡು ದಿನ ಕೊಡಿ. ಕಾಡಂಚಿನ ಮನೆಮನೆಗೆ ಹೋಗಿ ನಂಬರು ಬರೆದುಕೊಂಡು ಅರಣ್ಯ ಇಲಾಖೆಗೆ ಮುಟ್ಟಿಸೋಣ. ಬೆಳೆ ಹೋದವರಿಗೆ ಫೋಟೋ, ಪಹಣಿ ಜೋಡಿಸಿ ಪರಿಹಾರದ ಅರ್ಜಿ ಬರೆದುಕೊಡೋಣ. ಅರ್ಜಿ ಬರೆಯುವುದನ್ನು ನಮಗೆ ಕಲಿಸಿದ್ದೇ ಈ ಶಾಲೆಯ ಕನ್ನಡ ತರಗತಿ. ದುಡ್ಡು ಕಟ್ಟಿ ಹೊರದೇಶದಲ್ಲಿ ಲದ್ದಿ ಬಾಚಿದವನು ನಾನು, ಊರಿನ ಈ ಕೆಲಸಕ್ಕೆ ಮೊದಲ ಹೆಸರು ನನ್ನದೇ ಬರೆದುಕೊಳ್ಳಿ.